ಚಿತ್ರಗಳ ನಡುವೆ ಹಾಡುವುದು ಹೇಗೆ: ತುಮಕೂರಿನ ಗಾಯನ ತಂಡಗಳಿಗೆ ಒಂದು ಮಾರ್ಗದರ್ಶಿ

ತುಮಕೂರಿನಲ್ಲಿ ಹಾಡುವ ತಂಡಗಳಿಗೆ ಬರವಿಲ್ಲ. ಬಡಾವಣೆಗಳಲ್ಲಿ ಭಜನಾ ಮಂಡಳಿಗಳು, ಕಾಲೇಜುಗಳಲ್ಲಿ ಸುಗಮ ಸಂಗೀತದ ಗುಂಪುಗಳು, ಚರ್ಚಿನಲ್ಲಿ ಕಾಯರ್, ಮಹಿಳಾ ಸಮಾಜಗಳಲ್ಲಿ ಸೋಬಾನೆ ಹಾಡುವವರು. ಆದರೆ ಹಾಡುವ ಜಾಗ ಮಾತ್ರ ಎಲ್ಲರದ್ದೂ ಒಂದೇ ಥರ. ವೇದಿಕೆ, ಹಿಂದೆ ಫ್ಲೆಕ್ಸ್, ಮುಂದೆ ನಾಲ್ಕು ಮೈಕ್.

ಈ ಲೇಖನ ಇನ್ನೊಂದು ಜಾಗದ ಬಗ್ಗೆ. ಗೋಡೆ ತುಂಬ ಚಿತ್ರ ತೂಗುಹಾಕಿರುವ ಗ್ಯಾಲರಿ ಅಥವಾ ಕಲಾ ಸಂಗ್ರಹಾಲಯ. ಅಲ್ಲಿ ಹದಿನೈದು ಇಪ್ಪತ್ತು ಜನ ಸೇರಿ, ಮೈಕ್ ಇಲ್ಲದೆ, ಅರ್ಧ ಗಂಟೆ ಹಾಡಲು ಏನೇನು ಬೇಕು ಎಂದು ಬರೆದಿದ್ದೇನೆ. ನನ್ನ ಮುಖ್ಯ ಸಲಹೆ ಒಂದೇ: ಹಾಲ್ ನೋಡುವ ಮೊದಲು ಹಾಡು ಆರಿಸಬೇಡಿ. ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ.

ಇದು ಹೊಸ ಯೋಚನೆಯೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಪಿಯಾನೊ ವಾದಕಿ ಮೈರಾ ಹೆಸ್ ಮಧ್ಯಾಹ್ನದ ಕಛೇರಿಗಳನ್ನು ಶುರು ಮಾಡಿದರು. 1939ರಿಂದ 1946ರವರೆಗೆ ಅವು ನಡೆದವು. ಬಾಂಬಿನ ಭಯಕ್ಕೆ ಚಿತ್ರಗಳನ್ನೆಲ್ಲ ಮೊದಲೇ ಬೇರೆ ಕಡೆ ಸಾಗಿಸಿದ್ದರು. ಜನ ಬರಿ ಗೋಡೆಗಳ ನಡುವೆ ಕೂತು ಸಂಗೀತ ಕೇಳಿದರು. ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಕೆ. ವೆಂಕಟಪ್ಪನವರು (1886–1965) ಇದ್ದಾರೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಚಿತ್ರ ಕಲಿತ ಅವರು ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲಾ ಗ್ಯಾಲರಿಗೆ ಅವರದೇ ಹೆಸರು. ಅವರ ಕೈಯಲ್ಲಿ ಕುಂಚವೂ ವೀಣೆಯೂ ಒಟ್ಟಿಗೆ ಇದ್ದವು. ಹಾಗಿರುವಾಗ ಗ್ಯಾಲರಿಯಲ್ಲಿ ಹಾಡಿದರೆ ತಪ್ಪೇನು ಅಲ್ವಾ?

ಜಾಗ ಮತ್ತು ಅನುಮತಿ

ಊರಿನಲ್ಲೇ ಶುರು ಮಾಡಿ. ಚಿತ್ರಕಲಾ ಕಾಲೇಜಿನ ಗ್ಯಾಲರಿ ಆಗಬಹುದು. ಪ್ರದರ್ಶನ ಹಾಕಿರುವ ಯಾವುದಾದರೂ ಹಾಲ್ ಆಗಬಹುದು. ವಿದ್ಯಾರ್ಥಿಗಳ ವರ್ಷದ ಕೊನೆಯ ಪ್ರದರ್ಶನ ಇದಕ್ಕೆ ಹೇಳಿ ಮಾಡಿಸಿದ ಸಂದರ್ಭ. ಚಿತ್ರ ಬರೆದವರು ಅಲ್ಲೇ ಇರುತ್ತಾರೆ, ಒಪ್ಪಿಗೆ ಸುಲಭ. ಅನುಭವ ಆದ ಮೇಲೆ ಬೆಂಗಳೂರು ಹೇಗೂ ಎಪ್ಪತ್ತು ಕಿಲೋಮೀಟರ್. ಅಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ, ಚಿತ್ರಕಲಾ ಪರಿಷತ್ತಿದೆ.

ಅನುಮತಿ ಪತ್ರದಲ್ಲಿ "ಸಾಂಸ್ಕೃತಿಕ ಕಾರ್ಯಕ್ರಮ" ಎಂದಷ್ಟೇ ಬರೆದರೆ ಓದಿದವರು ಗಾಬರಿಯಾಗುತ್ತಾರೆ. ಅವರ ಕಣ್ಣ ಮುಂದೆ ಶಾಮಿಯಾನ, ಸ್ಪೀಕರ್, ಇನ್ನೂರು ಕುರ್ಚಿ ಬರುತ್ತವೆ. ಅದಕ್ಕೇ ಬಿಡಿಸಿ ಬರೆಯಿರಿ: ಹಾಡುವವರು ಎಷ್ಟು ಜನ, ಕೇಳುವವರು ಎಷ್ಟು ಜನ, ಎಷ್ಟು ನಿಮಿಷ, ಮೈಕ್ ಇಲ್ಲ, ದೀಪ ಇಲ್ಲ, ಹೂವಿಲ್ಲ, ತಿಂಡಿ ಒಳಗೆ ತರುವುದಿಲ್ಲ, ಗೋಡೆಗೆ ಏನನ್ನೂ ಅಂಟಿಸುವುದಿಲ್ಲ. "ಇಲ್ಲ"ಗಳ ಈ ಪಟ್ಟಿಗೇ ಬೇಗ ಒಪ್ಪಿಗೆ ಸಿಗುವುದು. ಜೊತೆಗೆ ಒಂದು ದಿನ ಹಾಲ್‌ನಲ್ಲಿ ಅಭ್ಯಾಸಕ್ಕೆ ಅವಕಾಶ ಕೇಳಿ. ಬಹಳಷ್ಟು ಸಂಗ್ರಹಾಲಯಗಳಿಗೆ ಸೋಮವಾರ ರಜೆ. ಸಿಬ್ಬಂದಿ ಒಪ್ಪಿದರೆ ಆ ದಿನವೇ ಒಳ್ಳೆಯದು.

ದಿನಾಂಕಕ್ಕೆ ನವೆಂಬರ್ ಬೇಡ. ಆ ತಿಂಗಳಿಡೀ ರಾಜ್ಯೋತ್ಸವ, ನಿಮ್ಮ ತಂಡದ ಅರ್ಧ ಜನ ಸಿಗುವುದಿಲ್ಲ. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಸಂಗ್ರಹಾಲಯದವರೂ ಏನಾದರೂ ಮಾಡಬೇಕೆಂದು ಹುಡುಕುತ್ತಿರುತ್ತಾರೆ.

ಮೊದಲು ಹಾಲ್ ಏನು ಹೇಳುತ್ತದೆ ಕೇಳಿ

ಗ್ಯಾಲರಿಯ ನೆಲ ಗ್ರಾನೈಟ್ ಅಥವಾ ಟೈಲ್ಸ್. ಗೋಡೆ ನುಣುಪು. ಪರದೆ ಇಲ್ಲ, ಮೆತ್ತನೆ ಕುರ್ಚಿ ಇಲ್ಲ. ದನಿ ಹೀರಿಕೊಳ್ಳುವ ವಸ್ತುವೇ ಇಲ್ಲದ್ದರಿಂದ ಹಾಡು ನಿಂತರೂ ದನಿ ನಿಲ್ಲುವುದಿಲ್ಲ. ಗೋಡೆಯಿಂದ ಗೋಡೆಗೆ ಓಡಾಡುತ್ತಲೇ ಇರುತ್ತದೆ.

ಹೀಗೆ ಉಳಿಯುವ ದನಿಗೆ ಗುಂಗು ಎನ್ನೋಣ. ಈ ಗುಂಗಿನ ಲೆಕ್ಕ ಹುಟ್ಟಿದ್ದೂ ಒಂದು ಕಲಾ ಸಂಗ್ರಹಾಲಯದಲ್ಲಿಯೇ! ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯ 1895ರಲ್ಲಿ ತೆರೆದಾಗ ಅದರ ಉಪನ್ಯಾಸ ಕೊಠಡಿಯಲ್ಲಿ ಮಾತಾಡಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ದನಿ ಅಡಗಲು ಐದೂವರೆ ಸೆಕೆಂಡ್ ಹಿಡಿಯುತ್ತಿತ್ತು. ಅಷ್ಟರಲ್ಲಿ ಹದಿನೈದು ಮಾತು ಒಂದರ ಮೇಲೊಂದು ಬಿದ್ದಿರುತ್ತವೆ. ಸರಿಪಡಿಸುವ ಕೆಲಸ ಬಿದ್ದದ್ದು ವ್ಯಾಲೇಸ್ ಸ್ಯಾಬೀನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕರ ಮೇಲೆ. ಅವರು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಹೊತ್ತು ತಂದು ಕೊಠಡಿಯಲ್ಲಿ ಹಾಸಿದರು. ಆರ್ಗನ್ ಕೊಳವೆಯೊಂದನ್ನು ಊದಿಸಿ, ಗಡಿಯಾರ ಹಿಡಿದು ಅಳೆದರು. ಬೆಳಗಾಗುವುದರೊಳಗೆ ಮೆತ್ತೆ ವಾಪಸ್. ಅದರಿಂದ ಬಂದ ಸೂತ್ರವನ್ನೇ ಇವತ್ತಿಗೂ ಸಭಾಂಗಣ ಕಟ್ಟುವವರು ಬಳಸುತ್ತಾರೆ: ಹಾಲ್‌ನ ಗಾತ್ರವನ್ನು 0.161ರಿಂದ ಗುಣಿಸಿ, ಅಲ್ಲಿರುವ ಒಟ್ಟು ಹೀರುವಿಕೆಯಿಂದ (ಎಷ್ಟು ಚದರ ಮೀಟರ್ ತೆರೆದ ಕಿಟಕಿಯಷ್ಟು ದನಿ ಹೀರುತ್ತದೆ ಎಂಬ ಲೆಕ್ಕ) ಭಾಗಿಸಿದರೆ ಗುಂಗು ಎಷ್ಟು ಸೆಕೆಂಡ್ ಎಂದು ಸಿಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಹಾಲ್ 12 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಗಾತ್ರ 384 ಘನ ಮೀಟರ್. ನೆಲ, ಸೂರು, ಗೋಡೆ ಎಲ್ಲ ಸೇರಿ 352 ಚದರ ಮೀಟರ್. ಗಾರೆ, ಕಲ್ಲು ತಮ್ಮ ಮೇಲೆ ಬಿದ್ದ ದನಿಯಲ್ಲಿ ನೂರಕ್ಕೆ ಮೂರು ಪಾಲು ಹೀರುತ್ತವೆ ಎಂದರೆ ಗುಂಗು ಆರು ಸೆಕೆಂಡಿನ ಹತ್ತಿರ ಬರುತ್ತದೆ. ಈಗ ಅದೇ ಹಾಲ್‌ಗೆ ಅರವತ್ತು ಜನ ಬರಲಿ. ಒಬ್ಬ ಮನುಷ್ಯ, ಬಟ್ಟೆಬರೆ ಸಮೇತ, ಸುಮಾರು ಅರ್ಧ ಚದರ ಮೀಟರ್ ತೆರೆದ ಕಿಟಕಿಯಷ್ಟು ದನಿ ನುಂಗುತ್ತಾನೆ. ಗುಂಗು ಒಂದೂಮುಕ್ಕಾಲು ಸೆಕೆಂಡಿಗಿಂತ ಕೆಳಗೆ ಇಳಿಯುತ್ತದೆ.

ಇದರ ಅರ್ಥ ಇಷ್ಟೆ: ಖಾಲಿ ಹಾಲ್‌ನಲ್ಲಿ ಅಭ್ಯಾಸ ಮಾಡಿ "ಆಹಾ, ಎಷ್ಟು ಚೆನ್ನಾಗಿ ಕೇಳಿಸ್ತು" ಎಂದು ಖುಷಿಪಟ್ಟರೆ ಕಾರ್ಯಕ್ರಮದ ದಿನ ಮೋಸ ಹೋಗುತ್ತೀರಿ. ಅಭ್ಯಾಸಕ್ಕೆ ಮನೆಯವರನ್ನೂ ಕರೆದುಕೊಂಡು ಹೋಗಿ ಕೂರಿಸಿ.

ಅಳೆಯಲು ಯಂತ್ರ ಬೇಡ. ಹಾಲ್‌ನ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ದನಿ ಎಷ್ಟು ಹೊತ್ತಿಗೆ ಅಡಗಿತು ಎಂದು ಮನೆಯಲ್ಲಿ ಕೂತು ನೋಡಬಹುದು. ಆಮೇಲೆ ತಂಡದವರೆಲ್ಲ ಷಡ್ಜ ಹಿಡಿದು, ಕೈ ಸನ್ನೆಗೆ ಒಟ್ಟಿಗೆ ನಿಲ್ಲಿಸಿ. ನಿಂತ ಮೇಲೆ ಏನು ಉಳಿಯುತ್ತದೋ ಅದೇ ನಿಮ್ಮ ಶ್ರುತಿಪೆಟ್ಟಿಗೆ. ಎರಡು ಸೆಕೆಂಡಿನವರೆಗೆ ಉಳಿದರೆ ಒಳ್ಳೆಯದು. ನಾಲ್ಕು ದಾಟಿದರೆ ಬಾಗಿಲು ತೆರೆಸಿ, ನೆಲಕ್ಕೆ ಜಮಖಾನ ಹಾಸಲು ಅನುಮತಿ ಕೇಳಿ.

ಬಯಲಿನಲ್ಲಿ ಇದೆಲ್ಲ ಇರುವುದಿಲ್ಲ. ಸಿದ್ಧಗಂಗಾ ಮಠದ ಬಯಲಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಪ್ರಾರ್ಥನೆ ಹೇಳುವುದನ್ನು ಕೇಳಿದವರಿಗೆ ಗೊತ್ತು. ಅಷ್ಟು ಗಂಟಲು ಸೇರಿದರೂ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಅಲ್ಲಿ ಸೂರಿಲ್ಲ, ದನಿ ಹೋದದ್ದು ಹೋಯಿತು. ಗ್ಯಾಲರಿಯಲ್ಲಿ ಹೋದದ್ದು ವಾಪಸ್ ಬರುತ್ತದೆ.

ಹಾಡು ಆರಿಸುವುದು

ಗುಂಗು ಇರುವ ಹಾಲ್‌ನಲ್ಲಿ ಒಂದು ಸ್ವರ ಹಾಡುವಾಗ ಹಿಂದಿನ ಸ್ವರ ಇನ್ನೂ ತೇಲುತ್ತಿರುತ್ತದೆ. ಎರಡೂ ಹೊಂದಿದರೆ ಹಾಡು ತುಂಬಿಕೊಳ್ಳುತ್ತದೆ. ಹೊಂದದಿದ್ದರೆ ಕಿವಿಗೆ ಕರಕರೆ. ಅದಕ್ಕೆ ಮೋಹನ, ಮಧ್ಯಮಾವತಿ, ಶುದ್ಧ ಸಾವೇರಿಯಂಥ ಐದು ಸ್ವರದ ರಾಗಗಳು ಇಲ್ಲಿ ಚೆನ್ನಾಗಿ ಕೂರುತ್ತವೆ. ಇವುಗಳಲ್ಲಿ ಪಕ್ಕಪಕ್ಕದ ಸ್ವರಗಳ ನಡುವೆ ಕನಿಷ್ಠ ಒಂದು ಸ್ವರಸ್ಥಾನವಾದರೂ ಖಾಲಿ ಇದೆ. ಮಾಯಾಮಾಳವಗೌಳದಲ್ಲಿ ಸ-ರಿ, ಗ-ಮ, ಪ-ದ, ನಿ-ಸ ನಾಲ್ಕೂ ಜೋಡಿ ಅಂಟಿಕೊಂಡೇ ಇವೆ. ಒಬ್ಬರೇ ಹಾಡಿದರೆ ನಡೆಯುತ್ತದೆ, ಇಪ್ಪತ್ತು ಜನ ಹಾಡಿದರೆ ಕಲಸಿಹೋಗುತ್ತದೆ. ಸ್ವರವನ್ನು ತೂಗಾಡಿಸುವ ಗಮಕ, ವೇಗವಾಗಿ ಸ್ವರ ಉರುಳಿಸುವ ಬಿರ್ಕ ಕೂಡ ಕಡಿಮೆ ಮಾಡಿ. ತಂಡದಲ್ಲಿ ಒಬ್ಬರ ಗಮಕ ಇನ್ನೊಬ್ಬರ ಹಾಗೆ ಇರುವುದಿಲ್ಲ, ಗೋಡೆ ಆ ವ್ಯತ್ಯಾಸವನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ.

ಕಾಲ ನಿಧಾನವಿರಲಿ. ನಿಮ್ಮ ಮಾಮೂಲಿ ಕಾಲಕ್ಕಿಂತ ಸ್ವಲ್ಪ ಎಳೆದು ಹಾಡಿ, ಪಲ್ಲವಿ ಮುಗಿದ ಮೇಲೆ ಒಂದು ಉಸಿರಿನಷ್ಟು ಸುಮ್ನೆ ನಿಲ್ಲಿ. ವಚನಗಳು ಇದಕ್ಕೆ ಒಗ್ಗುತ್ತವೆ. ಮಾತು ಕಡಿಮೆ, ನಿಲುಗಡೆ ಜಾಸ್ತಿ. ಸೋಬಾನೆಯೂ ಒಗ್ಗುತ್ತದೆ. ಒಬ್ಬರು ಸೊಲ್ಲು ಎತ್ತಿ, ಉಳಿದವರು ತಿರುಗಿ ಹೇಳುವ ಕ್ರಮವೇ ಹಾಲ್‌ಗೆ ಉಸಿರಾಡಲು ಬಿಡುವು ಕೊಡುತ್ತದೆ. ನಮ್ಮ ಶಿರಾ ಕಡೆಯ ಕಾಡುಗೊಲ್ಲರ ಹಾಡು, ಜೊತೆಗೆ ಗಣೆಯ (ಉದ್ದನೆಯ ಬಿದಿರಿನ ಕೊಳಲು) ನಾದ ಸಿಕ್ಕಿದರೆ ಬಿಡಬೇಡಿ.

ತಮಟೆ ಮಾತ್ರ ಒಳಗೆ ಬೇಡ. ಇಷ್ಟವಿಲ್ಲದೆ ಹೇಳುತ್ತಿರುವ ಮಾತಲ್ಲ ಇದು. ಪಕ್ಕದ ಚಿಂತಾಮಣಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಆ ವಾದ್ಯದ ಬಗ್ಗೆ ಯಾರಿಗೂ ಹೆಮ್ಮೆಯೇ. ಆದರೆ ಅದು ಬಯಲಿನ ವಾದ್ಯ. ಬಾರಿಸುವ ಮೊದಲು ಬೆಂಕಿಗೆ ಕಾಯಿಸಬೇಕು, ಬಾರಿಸಿದರೆ ಮುಚ್ಚಿದ ಹಾಲ್‌ನಲ್ಲಿ ಕಿವಿ ನಿಲ್ಲುವುದಿಲ್ಲ. ಹೊರಗೆ ಅಂಗಳದಲ್ಲಿ ತಮಟೆ ಬಾರಿಸಿ ಜನರನ್ನು ಕರೆಯಿರಿ, ಬಾಗಿಲ ಹತ್ತಿರ ನಿಲ್ಲಿಸಿ, ಒಳಗೆ ಬರಿ ಗಂಟಲು.

ಇನ್ನು ಕರೋಕೆ ಟ್ರ್ಯಾಕ್. ನನಗೆ ಅದು ವೇದಿಕೆಯಲ್ಲೂ ಇಷ್ಟವಿಲ್ಲ, ಗ್ಯಾಲರಿಯಲ್ಲಂತೂ ಬೇಡವೇ ಬೇಡ. ಟ್ರ್ಯಾಕ್ ನಿಮ್ಮ ಹಾಲ್‌ಗೋಸ್ಕರ ನಿಧಾನ ಆಗುವುದಿಲ್ಲ, ಕಾಯುವುದೂ ಇಲ್ಲ. ಶ್ರುತಿಗೆ ಮೊಬೈಲಿನ ತಂಬೂರಿ ಆ್ಯಪ್ ಒಂದು ಚಿಕ್ಕ ಸ್ಪೀಕರಿನಲ್ಲಿ ಹಾಕಿದರೆ ಸಾಕು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಐದರ ಆಸುಪಾಸಿನ ಶ್ರುತಿ, ಗಂಡಸರಿಗೆ ಒಂದರಿಂದ ಎರಡರೊಳಗೆ. ಎಲ್ಲರನ್ನೂ ಒಂದೇ ಶ್ರುತಿಗೆ ಎಳೆದರೆ ಯಾರಾದರೂ ಕಿರುಚಬೇಕಾಗುತ್ತದೆ. ಚರಣಗಳನ್ನು ಹಂಚಿಕೊಳ್ಳಿ. ಮಂದ್ರಕ್ಕೆ ಇಳಿಯುವ ಸಾಲು ಗಂಡಸರಿಗೆ, ಮೇಲೆ ಏರುವ ಸಾಲು ಹೆಂಗಸರಿಗೆ.

ಚಿತ್ರಕ್ಕೂ ಹಾಡಿಗೂ ಹೊಂದಿಸುವಾಗ ಮಳೆಯ ಚಿತ್ರದ ಮುಂದೆ ಮಳೆಯ ಹಾಡು, ತಾಯಿಯ ಚಿತ್ರದ ಮುಂದೆ ತಾಯಿಯ ಹಾಡು ಹಾಡುವ ಆಸೆ ಬರುತ್ತದೆ. ಶಾಲಾ ವಾರ್ಷಿಕೋತ್ಸವದ ರುಚಿ ಅದು. ಚಿತ್ರದ ಬಣ್ಣ ಗಾಢವೋ ತಿಳಿಯೋ, ಅದರೊಳಗೆ ಗದ್ದಲವಿದೆಯೋ ಮೌನವಿದೆಯೋ ಅಷ್ಟು ನೋಡಿದರೆ ಸಾಕು. ಒಟ್ಟು ಐದಾರು ಹಾಡು, ಅರ್ಧ ಗಂಟೆ. ಜನ ನಿಂತೇ ಕೇಳುತ್ತಾರೆ ಎಂಬುದು ನೆನಪಿರಲಿ.

ಅಭ್ಯಾಸದಲ್ಲಿ ಗಮನಿಸಬೇಕಾದ್ದು

ಕನ್ನಡದ ಪದಗಳು ಬಹುತೇಕ ಸ್ವರದಲ್ಲೇ ಮುಗಿಯುತ್ತವೆ. ಇದು ನಮಗೆ ವರ. ಕೊನೆಯ ಅಕ್ಷರ ಹಾಲ್ ತುಂಬ ತೂಗುತ್ತದೆ. ಆದರೆ ಒಬ್ಬರು ಬೇಗ ಬಿಟ್ಟು, ಒಬ್ಬರು ಎಳೆದರೆ ಆ ಚಂದವೆಲ್ಲ ಹೋಗುತ್ತದೆ. ಪ್ರತಿ ಸಾಲಿನ ಕೊನೆ ಎಲ್ಲಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಕೈ ತೋರಿಸುವವರ ಸನ್ನೆಗೆ ನಿಲ್ಲಿಸುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿ. ಒತ್ತಕ್ಷರಗಳನ್ನು ತುಸು ಮುಂಚೆ, ಗಟ್ಟಿಯಾಗಿ ಹೇಳಿ, ಇಲ್ಲದಿದ್ದರೆ "ಕಲ್ಲು" ಹೋಗಿ "ಕಲು" ಆಗುತ್ತದೆ. ಸ, ಶ ಬಂದಲ್ಲಿ ಮಾತ್ರ ತೆಳ್ಳಗೆ. ಇಪ್ಪತ್ತು ಜನ ಒತ್ತಿ "ಸ್" ಅಂದರೆ ಕುಕ್ಕರ್ ಕೂಗಿದ ಹಾಗಿರುತ್ತದೆ.

ಮೈಕ್ ಬಿಟ್ಟು ಅಭ್ಯಾಸ ಇಲ್ಲದವರು ಮೊದಲ ದಿನ ಕಿರುಚುತ್ತಾರೆ. ಅದು ಬೇಕಿಲ್ಲ, ಅರ್ಧ ಕೆಲಸವನ್ನು ಗೋಡೆ ಮಾಡುತ್ತದೆ. ದನಿ ಎತ್ತರಿಸದೆ ದೂರಕ್ಕೆ ಎಸೆಯುವುದು ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆಯವರಿಗೆ ಹೊಸದಲ್ಲ. ಮೈಕ್ ಬರುವ ಮೊದಲು ಕಂಪನಿ ನಾಟಕದ ನಟನಟಿಯರು ಕೊನೆಯ ಸಾಲಿಗೂ ಮಾತು ತಿಳಿಯುವ ಹಾಗೆ ಹಾಡುತ್ತಿದ್ದರು. ಬಾಯಿ ಪೂರ್ತಿ ತೆರೆದು, ಎದುರು ಗೋಡೆಯ ಮೇಲೆ ಒಂದು ಜಾಗ ನೋಡಿ ಹಾಡಿ.

ಸಾಹಿತ್ಯ ಬಾಯಿಪಾಠ ಆಗಲೇಬೇಕು. ಹಾಳೆ ತಿರುವುವ ಸದ್ದು ಈ ಹಾಲ್‌ನಲ್ಲಿ ಎಲ್ಲರಿಗೂ ಕೇಳುತ್ತದೆ, ಮೊಬೈಲ್ ನೋಡಿಕೊಂಡರೆ ಮುಖಕ್ಕೆ ನೀಲಿ ಬೆಳಕು.

ಎಲ್ಲಿ ನಿಲ್ಲಬೇಕು

ಅರ್ಧಚಂದ್ರಾಕಾರದಲ್ಲಿ, ಒಬ್ಬರಿಗೊಬ್ಬರು ಕಾಣುವ ಹಾಗೆ. ದನಿ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹಾಲ್‌ನ ಎರಡು ತುದಿಗೆ ಹತ್ತು ಮೀಟರ್ ದೂರದಲ್ಲಿ ನಿಂತರೆ ಒಬ್ಬರ ಎತ್ತುಗಡೆ ಇನ್ನೊಬ್ಬರಿಗೆ ಸೆಕೆಂಡಿನ ಮೂವತ್ತನೇ ಒಂದು ಭಾಗ ತಡವಾಗಿ ಕೇಳುತ್ತದೆ. ಇಷ್ಟೇ ಸಾಕು ತಾಳ ಜಾರಲು. ಆರೇಳು ಮೀಟರಿನೊಳಗೆ ಇರಿ, ಕಿವಿಗಿಂತ ಕೈ ತೋರಿಸುವವರನ್ನು ಜಾಸ್ತಿ ನಂಬಿ.

ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ಮುಂದೆ ನಿಲ್ಲಿ. ಹಾಡುವಾಗ ಮೈಮರೆತು ಹಿಂದೆ ಸರಿಯುವುದು ಎಲ್ಲರ ಅಭ್ಯಾಸ. ಸೆರಗು, ದುಪಟ್ಟದ ಪಿನ್ನು, ಹೆಗಲ ಬ್ಯಾಗು ಕ್ಯಾನ್ವಾಸಿಗೆ ತಾಗುವುದು ಆಗಲೇ. ಕಾವಲಿನ ಅಣ್ಣ "ಅಕ್ಕಾ, ಸ್ವಲ್ಪ ಮುಂದೆ ಬನ್ನಿ" ಎಂದು ಹಾಡಿನ ನಡುವೆ ಹೇಳುವಂತಾಗಬಾರದು. ಕಾಲಿನ ಹತ್ತಿರ ನೆಲದ ಮೇಲೆ ಒಂದು ಹಗ್ಗ ಹಾಸಿಕೊಂಡರೆ ಕಣ್ಣಿಗೆ ಗಡಿ ಸಿಗುತ್ತದೆ.

ಗಾಜಿನ ಬಳೆ, ಕಾಲ್ಗೆಜ್ಜೆ, ಕೀ ಗೊಂಚಲು ಎಲ್ಲ ಸದ್ದು ಮಾಡುತ್ತವೆ. ನಮ್ಮ ತಂಡದ ಹಿರಿಯಕ್ಕ ಒಬ್ಬರು ಬಳೆ ತೆಗೆಯಲು ಒಪ್ಪುವುದಿಲ್ಲ. ಬಳೆಗಳ ಮೇಲೆ ಕರ್ಚೀಫು ಬಿಗಿಯಾಗಿ ಸುತ್ತಿ, ಮೇಲೆ ಸೆರಗು ಎಳೆದುಕೊಳ್ಳುತ್ತಾರೆ. ಸದ್ದೂ ಇಲ್ಲ, ಕಾಣುವುದೂ ಇಲ್ಲ.

ದೀಪ, ಹಾರ, ಗಣ್ಯರು

ನಮ್ಮ ಕಾರ್ಯಕ್ರಮ ಎಂದರೆ ದೀಪ ಬೆಳಗಬೇಕು, ಹಾರ ಹಾಕಬೇಕು, ನಾಲ್ಕು ಜನ ಗಣ್ಯರು ಮಾತಾಡಬೇಕು. ಗ್ಯಾಲರಿಯೊಳಗೆ ಈ ಮೂರೂ ಬೇಡ. ದೀಪ, ಊದುಬತ್ತಿ, ಕರ್ಪೂರದ ಮಸಿ ಚಿತ್ರದ ಮೇಲೆ ಕೂರುತ್ತದೆ, ಒರೆಸಿದರೆ ಹೋಗುವುದಿಲ್ಲ. ಹೂವಿನ ಜೊತೆ ಹುಳ ಬರುತ್ತದೆ, ಕಾಗದ ಮತ್ತು ಬಟ್ಟೆ ತಿನ್ನುವ ಹುಳಕ್ಕೆ ಗ್ಯಾಲರಿಗಿಂತ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ? ದೀಪ ಬೆಳಗಲೇಬೇಕು ಎನ್ನುವವರಿದ್ದರೆ ಹೊರ ಅಂಗಳದಲ್ಲಿ ಬೆಳಗಿ ಒಳಗೆ ಬನ್ನಿ. ನಾಡಗೀತೆಯಿಂದ ಶುರು ಮಾಡುವುದಾದರೆ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷ ಎಂದು ಸರ್ಕಾರ 2022ರಲ್ಲಿ ಗೊತ್ತು ಮಾಡಿದೆ, ಅದನ್ನು ಸಮಯದ ಲೆಕ್ಕದಲ್ಲಿ ಸೇರಿಸಿ.

ಬೆಳಕಿನ ವಿಷಯವೂ ಅಷ್ಟೇ. ಜಲವರ್ಣ, ಕಾಗದದ ಮೇಲಿನ ಚಿತ್ರಗಳಿಗೆ ಸಂಗ್ರಹಾಲಯಗಳು 50 ಲಕ್ಸ್ ಬೆಳಕು ಸಾಕು ಎನ್ನುತ್ತವೆ. ಎಣ್ಣೆಬಣ್ಣದ ಚಿತ್ರಕ್ಕೆ 200. ವಿಡಿಯೊದವರು ತರುವ ಫೋಕಸ್ ಲೈಟ್ ಇದಕ್ಕಿಂತ ಎಷ್ಟೋ ಪಟ್ಟು. ಇರುವ ಬೆಳಕಲ್ಲೇ ತೆಗೆಯಿರಿ ಎಂದು ಮೊದಲೇ ಹೇಳಿ, ಫ್ಲ್ಯಾಶ್ ಬೇಡ.

ಜನರ ಸಂಖ್ಯೆಗೂ ಮಿತಿ ಇರಲಿ. ಸುಮ್ಮನೆ ನಿಂತ ಮನುಷ್ಯನ ಮೈಯಿಂದಲೂ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ. ಅರವತ್ತು ಜನ ಎಂದರೆ 6 ಕಿಲೋವ್ಯಾಟ್. ಜೊತೆಗೆ ಉಸಿರು ಮತ್ತು ಬೆವರಿನಿಂದ ಗಂಟೆಗೆ ಎರಡು ಮೂರು ಲೀಟರ್ ನೀರು ಗಾಳಿಗೆ ಸೇರುತ್ತದೆ. ಏಪ್ರಿಲ್‌ನ ಸೆಕೆಯಲ್ಲಿ ಹಾಡುವವರಿಗೂ ಕಷ್ಟ, ಚಿತ್ರಗಳಿಗೂ ಕಷ್ಟ. ಮೂರು ಹಾಡಿಗೊಮ್ಮೆ ಕೇಳುಗರನ್ನು ಇನ್ನೊಂದು ಕೋಣೆಗೆ ಕರೆದೊಯ್ದರೆ ಗಾಳಿಯಾಡುತ್ತದೆ. ಫ್ಯಾನ್ ಗುಂಯ್ ಎನ್ನುತ್ತಿದ್ದರೆ ಹಾಡುವಷ್ಟು ಹೊತ್ತು ನಿಲ್ಲಿಸಲು ಕೇಳಿ.

ಹಾಡಿನ ಹಕ್ಕು

ಇದನ್ನು ಬಹಳ ಜನ ಮರೆಯುತ್ತಾರೆ. ನಮ್ಮ ದೇಶದಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಹಕ್ಕು ಇರುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ತೀರಿಕೊಂಡದ್ದು 1946ರಲ್ಲಿ, ಅವರ ಕವಿತೆಗಳು ಈಗ ಮುಕ್ತ. ಬೇಂದ್ರೆಯವರದ್ದು 2041ರ ಕೊನೆಯವರೆಗೆ, ಕುವೆಂಪು ಅವರದ್ದು 2054ರ ಕೊನೆಯವರೆಗೆ ಹಕ್ಕಿನಲ್ಲಿವೆ. ವಚನ, ದಾಸರ ಪದಗಳ ಸಾಹಿತ್ಯಕ್ಕೆ ಹಕ್ಕಿಲ್ಲ, ಆದರೆ ನೀವು ಹಾಡುವ ಧಾಟಿಯನ್ನು ಇತ್ತೀಚೆಗೆ ಯಾರಾದರೂ ಸಂಯೋಜಿಸಿದ್ದರೆ ಅದಕ್ಕೆ ಬೇರೆ ಹಕ್ಕು.

ಹವ್ಯಾಸಿ ತಂಡ ಹಣ ಕೊಡದ ಕೇಳುಗರ ಮುಂದೆ ಹಾಡಿದರೆ 1957ರ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಸಂಗ್ರಹಾಲಯ ಒಳಗೆ ಬಿಡಲು ಟಿಕೆಟ್ ಇಟ್ಟಿದ್ದರೆ "ಹಣ ಕೊಡದ ಕೇಳುಗರು" ಎನ್ನುವುದು ಕಷ್ಟ. ಆಗ ಸಾಹಿತ್ಯ ಮತ್ತು ಸಂಗೀತದ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ವಿಚಾರಿಸಿ. ವಿಡಿಯೊವನ್ನು ಯೂಟ್ಯೂಬಿಗೆ ಹಾಕುವುದು ಇನ್ನೊಂದೇ ವಿಷಯ, ಆ ವಿನಾಯಿತಿ ಅಲ್ಲಿಗೆ ನಡೆಯುವುದಿಲ್ಲ. ಹಿನ್ನೆಲೆಯಲ್ಲಿ ಚಿತ್ರ ಕಾಣುವುದಾದರೆ ಚಿತ್ರ ಬರೆದವರ ಒಪ್ಪಿಗೆಯನ್ನೂ ಕೇಳಿಕೊಳ್ಳುವುದು ಒಳ್ಳೆಯದು.

ಆ ದಿನ

ಒಂದು ಗಂಟೆ ಮುಂಚೆ ಬನ್ನಿ. ಗಂಟಲು ಬಿಸಿ ಮಾಡುವುದು, ನೀರು ಕುಡಿಯುವುದು ಹೊರಗೆ. ವಯಸ್ಸಾದವರಿಗೆ ಹತ್ತು ಕುರ್ಚಿ ಇರಲಿ, ಕಾಲಿಗೆ ರಬ್ಬರ್ ಇರುವಂಥವು. ನಿರೂಪಣೆ ಬೇಡ. ಹಾಡಿನ ಹೆಸರು, ಕವಿಯ ಹೆಸರು ಒಂದು ಚೀಟಿಯಲ್ಲಿ ಮುದ್ರಿಸಿ ಬಾಗಿಲಲ್ಲಿ ಕೊಡಿ. ಶಾಲು, ನೆನಪಿನ ಕಾಣಿಕೆ ಕೊಡಲೇಬೇಕಿದ್ದರೆ ಕೊನೆಯಲ್ಲಿ, ಅಂಗಳದಲ್ಲಿ. ಕಾವಲಿನವರ ಹೆಸರೂ ಆ ಪಟ್ಟಿಯಲ್ಲಿರಲಿ, ಅರ್ಧ ದಿನ ಹೆಚ್ಚಿಗೆ ನಿಂತವರು ಅವರೇ.

ಮುಗಿದ ಮೇಲೆ ಹಗ್ಗ, ಜಮಖಾನ ಎತ್ತಿ ನೆಲ ನೋಡಿ, ಒಂದೆರಡು ಪಿನ್ನು ಬಿದ್ದೇ ಇರುತ್ತದೆ. ಕಾಫಿ, ಕೋಡುಬಳೆ ಹೊರಗೆ ಕೊಡಿ. ಹಾಡು ಕೇಳಿದ ಮೇಲೆ ಕೆಲವರು ಚಿತ್ರವನ್ನು ಇನ್ನೊಂದು ಸಲ ನೋಡಬೇಕು ಎನ್ನುತ್ತಾರೆ. ಬಾಗಿಲು ಇನ್ನರ್ಧ ಗಂಟೆ ತೆರೆದಿರಲಿ ಎಂದು ಅನುಮತಿ ಪತ್ರದಲ್ಲೇ ಕೇಳಿಕೊಂಡಿರಿ.